ಪ್ರೊಸ್ಟೇಟ್‌ಗೆ ಯಾವ ಮಾತ್ರೆ? ಚೀಟಿ ಹಿಡಿದು ನಿಂತವರಿಗೆ

ಮೆಡಿಕಲ್ ಶಾಪಿನಲ್ಲಿ ಕೆಲವು ಪ್ರಶ್ನೆಗಳನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಪಕ್ಕದಲ್ಲಿ ನಿಂತವರು ಹೋಗಲಿ ಅಂತ ಕಾಯುತ್ತಾರೆ. ಆಮೇಲೆ ಚೀಟಿ ಮುಂದೆ ತಳ್ಳಿ, ದನಿ ತಗ್ಗಿಸಿ, "ಒಂದಕ್ಕೆ ಹೋಗೋ ತೊಂದರೆಗೆ ಇದು ಬರೆದಿದ್ದಾರೆ. ನಮ್ಮ ಭಾವನಿಗೆ ಬೇರೆ ಏನೋ ಕೊಟ್ಟಿದ್ದಾರಲ್ಲ, ಅದು ಒಳ್ಳೇದಾ ಇದು ಒಳ್ಳೇದಾ?" ಅಂತ ಕೇಳುತ್ತಾರೆ. ಭಾವನಿಗೆ ಸೈಲೋಡೋಸಿನ್. ಇವರಿಗೆ ಟ್ಯಾಮ್ಸುಲೋಸಿನ್ ಜೊತೆ ಡ್ಯುಟಾಸ್ಟರೈಡ್. ಬೆಳಗಿನ ವಾಕಿಂಗ್ ಗೆಳೆಯರೊಬ್ಬರಿಗೆ ಟಡಾಲಫಿಲ್. ಮೂವರ ರಿಪೋರ್ಟಿನಲ್ಲೂ ಇರುವುದು ಒಂದೇ ಮಾತು, ಪ್ರೊಸ್ಟೇಟ್ ದೊಡ್ಡದಾಗಿದೆ.

ಇಪ್ಪತ್ತು ವರ್ಷದಿಂದ ಕೌಂಟರ್ ಹಿಂದೆ ನಿಂತು ಇದಕ್ಕೆ ಅರ್ಧಂಬರ್ಧ ಉತ್ತರ ಕೊಡುತ್ತಾ ಬಂದಿದ್ದೇನೆ. ಪೂರ್ತಿ ಉತ್ತರ ಹೇಳಲು ಹಿಂದಿನ ಕ್ಯೂ ಬಿಡುವುದಿಲ್ಲ. ಮಾತ್ರೆ ಬರೆಯುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ಗೊತ್ತಿದ್ದರೆ ನಿಮಗೆ ಹೊಂದುವ ಮಾತ್ರೆ ಸಿಗುವ ಸಾಧ್ಯತೆ ಜಾಸ್ತಿ.

ಮೊದಲು ನೋಡಬೇಕಾದದ್ದು

ಪ್ರೊಸ್ಟೇಟ್ ಅಂದರೆ ಮೂತ್ರಚೀಲದ ಬಾಯಿಯ ಕೆಳಗೆ, ನಾಳವನ್ನು ಉಂಗುರದ ಹಾಗೆ ಸುತ್ತಿಕೊಂಡ ಗ್ರಂಥಿ. ಹರೆಯದಲ್ಲಿ ದಪ್ಪ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ. ವಯಸ್ಸಾದಂತೆ ಬೆಳೆಯುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಗ್ರೇಡ್ 2" ಅಂತ ನೋಡಿ ಬೆವರಿಕೊಂಡು ಬರುವವರಿದ್ದಾರೆ. ಅದು ಗಾತ್ರದ ಲೆಕ್ಕ ಅಷ್ಟೆ, ಕ್ಯಾನ್ಸರಿನ ಹಂತವಲ್ಲ.

ಗಾತ್ರಕ್ಕೂ ತೊಂದರೆಗೂ ತಾಳೆ ಇರಲೇಬೇಕು ಅಂತೇನಿಲ್ಲ. 80 ಗ್ರಾಂ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ, 30 ಗ್ರಾಂ ಇದ್ದು ರಾತ್ರಿಯೆಲ್ಲಾ ಬಚ್ಚಲಿಗೆ ನಡೆಯುವವರೂ ಇದ್ದಾರೆ. ಆದ್ದರಿಂದ ನಿಮ್ಮ ತೊಂದರೆ ಯಾವ ಬಗೆಯದು ಅನ್ನುವುದು ಮೊದಲು ತೀರ್ಮಾನವಾಗಬೇಕು. ನಾನು ಎರಡು ಗುಂಪು ಮಾಡುತ್ತೇನೆ. ಒಂದು "ಬರೋದೇ ಇಲ್ಲ" ಗುಂಪು. ನಿಂತು ಕಾಯಬೇಕು, ಧಾರೆ ಸಣ್ಣ, ತಿಣುಕಬೇಕು, ಮುಗಿದ ಮೇಲೂ ಹನಿ ಬೀಳುತ್ತದೆ, ಇನ್ನೂ ಉಳಿದಿದೆ ಅನ್ನಿಸುತ್ತದೆ. ಇನ್ನೊಂದು "ತಡೆಯೋಕೇ ಆಗಲ್ಲ" ಗುಂಪು. ಬಂತು ಅಂದರೆ ಬಂತು, ಗಂಟೆಗೊಮ್ಮೆ ಹೋಗಬೇಕು, ಧರ್ಮಸ್ಥಳದ ಬಸ್ಸು ಚಾರ್ಮಾಡಿ ಘಾಟಿಯಲ್ಲಿರುವಾಗ ಜೀವ ಬಾಯಿಗೆ ಬರುತ್ತದೆ. ಬಹಳ ಜನರಲ್ಲಿ ಎರಡೂ ಬೆರೆತಿರುತ್ತವೆ. ಆದರೂ ಯಾವುದು ಹೆಚ್ಚು ಕಾಡುತ್ತದೆ ಅಂತ ಹೇಳಲು ಬರಬೇಕು.

ಇದನ್ನೇ ಅಳೆಯಲು ಐಪಿಎಸ್‌ಎಸ್ ಅನ್ನುವ ಏಳು ಪ್ರಶ್ನೆಗಳ ಹಾಳೆ ಇದೆ. ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕಿಂತ ಮೇಲೆ ತೀವ್ರ. ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಎರಡು ತಿಂಗಳ ನಂತರ ಒಮ್ಮೆ ತುಂಬಿಸಿ. "ಏನೋ ಸ್ವಲ್ಪ ಪರವಾಗಿಲ್ಲ" ಅನ್ನುವುದಕ್ಕಿಂತ 21 ಇದ್ದದ್ದು 13 ಆಯಿತು ಅನ್ನುವುದು ಡಾಕ್ಟರಿಗೆ ಹೆಚ್ಚು ಉಪಯೋಗ.

ಆಮೇಲೆ ರಿಪೋರ್ಟಿನಲ್ಲಿ ಎರಡು ಅಂಕಿ ಹುಡುಕಿ. ಗ್ರಂಥಿಯ ಗಾತ್ರ ಎಷ್ಟು, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಉಳಿದದ್ದು ಎಷ್ಟು. ಉಳಿದದ್ದನ್ನು ಪಿವಿಆರ್ ಅಂತ ಬರೆದಿರುತ್ತಾರೆ. ಇನ್ನುಳಿದ ಪ್ರಶ್ನೆಗಳು ಮೈಗೂ ಮನೆಗೂ ಸೇರಿದವು. ಬಿಪಿ ಮಾತ್ರೆ ತಗೋತೀರಾ? ಎದ್ದಾಗ ತಲೆ ತಿರುಗುತ್ತದಾ? ಕಣ್ಣಿನ ಪೊರೆ ಆಪರೇಷನ್ ಆಗಬೇಕಿದೆಯಾ? ಎದೆನೋವಿಗೆ ಸಾರ್ಬಿಟ್ರೇಟ್ ಇಟ್ಟುಕೊಂಡಿದ್ದೀರಾ? ಕಿಡ್ನಿ ಹೇಗಿದೆ? ದಾಂಪತ್ಯ ಜೀವನ ಈಗಲೂ ಮುಖ್ಯವಾ? ಈ ಕೊನೆಯದನ್ನು ನಮ್ಮಲ್ಲಿ ಡಾಕ್ಟರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಮಾತ್ರೆ ಆಯ್ಕೆಯಲ್ಲಿ ಮಾತ್ರ ಅದರದ್ದು ದೊಡ್ಡ ಪಾಲು.

ಮಾತ್ರೆ ಇಲ್ಲದೆ

ಅಂಕ 7ರ ಒಳಗಿದ್ದು, ಮನಸ್ಸಿಗೆ ಅಷ್ಟೇನೂ ಕಿರಿಕಿರಿ ಇಲ್ಲದಿದ್ದರೆ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಸಂಜೆಯ ನಂತರ ಕಾಫಿ, ಟೀ, ಮದ್ಯ ಕಡಿಮೆ ಮಾಡಿ. ಮಲಗುವ ಎರಡು ಗಂಟೆ ಮುಂಚೆಯಿಂದ ನೀರು, ಮಜ್ಜಿಗೆ ಮಿತಿಯಲ್ಲಿರಲಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಒಮ್ಮೆ ಹೋಗಿ ಬಂದು, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ವರ್ಷಗಳ ಹಿಂದೆ ಒಬ್ಬ ಅಜ್ಜನಿಗೆ ಏನೂ ಕೇಳದೆ ನೆಗಡಿ ಮಾತ್ರೆ ಕೊಟ್ಟೆ. ಮಾರನೇ ದಿನ ಅವರಿಗೆ ಮೂತ್ರ ಪೂರ್ತಿ ನಿಂತುಹೋಗಿ, ಆಸ್ಪತ್ರೆಯಲ್ಲಿ ಪೈಪ್ ಹಾಕಿಸಿಕೊಂಡರು. ನೆಗಡಿ ಮಾತ್ರೆಗಳಲ್ಲಿರುವ ಫಿನೈಲ್‌ಎಫ್ರಿನ್, ಸ್ಯೂಡೋಎಫೆಡ್ರಿನ್ ಮೂತ್ರಚೀಲದ ಬಾಯಿಯನ್ನು ಬಿಗಿ ಮಾಡುತ್ತವೆ. ಜೊತೆಗಿರುವ ಕ್ಲೋರ್‌ಫೆನಿರಮೈನ್ ಚೀಲದ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಈಗ 50 ದಾಟಿದ ಯಾರೇ ನೆಗಡಿ ಮಾತ್ರೆ ಕೇಳಿದರೂ ನಾನು ಮೊದಲು ಕೇಳುವುದು ಮೂತ್ರದ ವಿಷಯವನ್ನೇ. ಕೆಲವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಬಿಗಿ ಸಡಿಲಿಸುವ ಮಾತ್ರೆಗಳು

ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸೈಲೋಡೋಸಿನ್. ಇವಕ್ಕೆ ಆಲ್ಫಾ ಬ್ಲಾಕರ್ ಅನ್ನುತ್ತಾರೆ. ತೋಟದ ಪೈಪಿನ ಮೇಲೆ ಕಾಲಿಟ್ಟರೆ ನೀರು ಸಣ್ಣಗಾಗುತ್ತದೆ, ಅಲ್ವಾ? ಈ ಮಾತ್ರೆ ಆ ಕಾಲಿನ ಭಾರವನ್ನು ಕಮ್ಮಿ ಮಾಡುತ್ತದೆ. ಕಾಲನ್ನು ತೆಗೆಯುವುದಿಲ್ಲ. ಗ್ರಂಥಿಯ ಮತ್ತು ಚೀಲದ ಬಾಯಿಯ ಸ್ನಾಯು ಸಡಿಲವಾಗುತ್ತದೆ, ಗ್ರಂಥಿ ಇದ್ದಷ್ಟೇ ಇರುತ್ತದೆ, ತನ್ನ ಪಾಡಿಗೆ ಬೆಳೆಯುತ್ತಲೂ ಇರಬಹುದು.

ಇವುಗಳ ದೊಡ್ಡ ಲಾಭ ವೇಗ. ಕೆಲವೇ ದಿನಗಳಲ್ಲಿ, ತಪ್ಪಿದರೆ ಒಂದೆರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗ್ರಂಥಿ ಸಣ್ಣದಿರಲಿ ದೊಡ್ಡದಿರಲಿ ಕೆಲಸ ಮಾಡುತ್ತವೆ. ಪಿಎಸ್‌ಎ ಅನ್ನುವ, ಪ್ರೊಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆಯ ಅಂಕಿಯನ್ನು ಕೆಡಿಸುವುದಿಲ್ಲ. ಒಂದು ತಿಂಗಳು ಸರಿಯಾಗಿ ತಗೊಂಡೂ ಏನೂ ಅನ್ನಿಸದಿದ್ದರೆ ಸುಮ್ನೆ ಮುಂದುವರಿಸದೆ ಡಾಕ್ಟರಿಗೆ ಹೇಳಿ.

ಮೂರರಲ್ಲಿ ಯಾವುದು? ಮೂತ್ರದ ಧಾರೆಯ ಮಟ್ಟಿಗೆ ಹೆಚ್ಚೂಕಮ್ಮಿ ಒಂದೇ. ಬೇರೆಯಾಗುವುದು ಅಡ್ಡಪರಿಣಾಮದಲ್ಲಿ. ಸೈಲೋಡೋಸಿನ್ 8 ಮಿಲಿಗ್ರಾಂ ಬಿಪಿಯನ್ನು ಹೆಚ್ಚು ಅಲುಗಾಡಿಸುವುದಿಲ್ಲ. ಆದರೆ ಅಮೆರಿಕದಲ್ಲಿ ನಡೆದ ಪರೀಕ್ಷೆಗಳಲ್ಲಿ ಅದನ್ನು ತಗೊಂಡ ನೂರರಲ್ಲಿ 28 ಜನಕ್ಕೆ ವೀರ್ಯ ಹೊರಗೆ ಬರುವುದು ನಿಂತಿತು ಅಥವಾ ತೀರಾ ಕಡಿಮೆಯಾಯಿತು. ಇದರಿಂದ ಅಪಾಯವಿಲ್ಲ, ಮಾತ್ರೆ ಬಿಟ್ಟರೆ ಸರಿಹೋಗುತ್ತದೆ. ಆದರೆ ಮೊದಲೇ ಹೇಳದಿದ್ದರೆ ಗಂಡಸು ಗಾಬರಿಯಾಗುತ್ತಾನೆ, ಮಾತ್ರೆ ಗುಟ್ಟಾಗಿ ನಿಲ್ಲಿಸುತ್ತಾನೆ. ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂನಲ್ಲಿ ಇದು ಕಮ್ಮಿ. ಆಲ್ಫುಜೋಸಿನ್ 10 ಮಿಲಿಗ್ರಾಂನಲ್ಲಿ ಅಪರೂಪ. ಕಿಡ್ನಿ ತೊಂದರೆ ಇದ್ದರೆ ಸೈಲೋಡೋಸಿನ್ ಅರ್ಧ ಡೋಸ್, ತೀರಾ ಕೆಟ್ಟಿದ್ದರೆ ಕೊಡುವಂತೆಯೇ ಇಲ್ಲ.

ಮೂರನ್ನೂ ಊಟವಾದ ಮೇಲೆ, ದಿನಾ ಒಂದೇ ಹೊತ್ತಿಗೆ ತಗೋಬೇಕು. ಹಸಿದ ಹೊಟ್ಟೆಯಲ್ಲಿ ತಗೊಂಡರೆ ಟ್ಯಾಮ್ಸುಲೋಸಿನ್ ರಕ್ತಕ್ಕೆ ಜಾಸ್ತಿ ಸೇರಿ ತಲೆ ತಿರುಗಬಹುದು. ಏಕಾದಶಿ, ಶಿವರಾತ್ರಿ ಉಪವಾಸ ಮಾಡುವವರು ಇದನ್ನು ಮೊದಲೇ ಡಾಕ್ಟರ ಬಳಿ ಕೇಳಿಟ್ಟುಕೊಳ್ಳಿ. ಟ್ಯಾಮ್ಸುಲೋಸಿನ್ ಕ್ಯಾಪ್ಸೂಲ್ ಬಿಚ್ಚಬಾರದು, ಆಲ್ಫುಜೋಸಿನ್ ಅಗಿಯಬಾರದು.

ಎರಡು ಎಚ್ಚರಿಕೆ. ಕಿಡ್ನಿ ರೋಗಿಗಳಿಗೆ ಬಿಪಿಗೆಂದು ಪ್ರಾಜೋಸಿನ್ ಬರೆಯುವುದು ನಮ್ಮಲ್ಲಿ ಸಾಮಾನ್ಯ. ಅದೂ ಇದೇ ಗುಂಪಿನದು. ಒಬ್ಬ ಡಾಕ್ಟರು ಅದನ್ನು, ಇನ್ನೊಬ್ಬರು ಟ್ಯಾಮ್ಸುಲೋಸಿನ್ ಬರೆದು, ಎರಡೂ ಒಟ್ಟಿಗೆ ಹೊಟ್ಟೆ ಸೇರಿದರೆ ನಡುರಾತ್ರಿ ಬಚ್ಚಲಲ್ಲಿ ಬೀಳುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಎಲ್ಲ ಶೀಟುಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಎರಡನೆಯದು ಕಣ್ಣು. ಟ್ಯಾಮ್ಸುಲೋಸಿನ್ ತಗೊಳ್ಳುವವರಿಗೆ ಪೊರೆ ಆಪರೇಷನ್ ಹೊತ್ತಿನಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲಾಗಿ ಮಡಚಿಕೊಳ್ಳಬಹುದು. 2005ರಲ್ಲಿ ಇದನ್ನು ಮೊದಲು ಗುರುತಿಸಿದರು. ಮಾತ್ರೆ ಬಿಟ್ಟು ಬಹಳ ದಿನವಾಗಿದ್ದರೂ ಆಗಬಹುದು. ಕಣ್ಣಿನ ಡಾಕ್ಟರಿಗೆ ಗೊತ್ತಿದ್ದರೆ ತಯಾರಾಗಿರುತ್ತಾರೆ. ಆಪರೇಷನ್ ಮುಂದಿನ ತಿಂಗಳೇ ಇದ್ದರೆ, ತೊಂದರೆ ತಡೆಯುವಂತಿದ್ದರೆ, ಮಾತ್ರೆಯನ್ನು ಆಮೇಲೆ ಶುರು ಮಾಡಬಹುದಾ ಅಂತ ಕೇಳಿ.

ಗ್ರಂಥಿ ಕುಗ್ಗಿಸುವ ಮಾತ್ರೆಗಳು

ಫಿನಾಸ್ಟರೈಡ್ 5 ಮಿಲಿಗ್ರಾಂ, ಡ್ಯುಟಾಸ್ಟರೈಡ್ 0.5 ಮಿಲಿಗ್ರಾಂ. ಇವುಗಳ ಕಥೆ ಶುರುವಾಗುವುದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಅಲ್ಲಿನ ಒಂದು ಹಳ್ಳಿಯಲ್ಲಿ ಕೆಲವು ಗಂಡುಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದರು, ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಅವರ ದೇಹದಲ್ಲಿ ಟೆಸ್ಟೋಸ್ಟೆರಾನ್ ಅನ್ನು, ಪ್ರೊಸ್ಟೇಟ್ ಬೆಳೆಸುವ ಹಾರ್ಮೋನ್ ಆದ ಡಿಎಚ್‌ಟಿ ಆಗಿ ಬದಲಿಸುವ ಕಿಣ್ವದ ಕೊರತೆ ಇತ್ತು. ಇದರ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಆ ಗಂಡಸರ ಪ್ರೊಸ್ಟೇಟ್ ಕೊನೆಯವರೆಗೂ ಸಣ್ಣದಾಗೇ ಇರುತ್ತಿತ್ತು. ಅದೇ ಕಿಣ್ವವನ್ನು ತಡೆಯುವ ಮಾತ್ರೆಯಾಗಿ ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಈ ಮಾತ್ರೆಗಳು ಗ್ರಂಥಿಯನ್ನು ಸುಮಾರು ಕಾಲುಭಾಗದಷ್ಟು ಕುಗ್ಗಿಸುತ್ತವೆ. ಆದರೆ ಆರು ತಿಂಗಳಾದರೂ ಬೇಕು. ಮೊದಲ ತಿಂಗಳಲ್ಲಿ "ಏನೂ ಪ್ರಯೋಜನ ಇಲ್ಲ" ಅಂತ ಬಿಡುವವರೇ ಹೆಚ್ಚು. ಇನ್ನೊಂದು ಮಾತು: ಗ್ರಂಥಿ ದೊಡ್ಡದಾಗಿದ್ದರೆ ಮಾತ್ರ ಕುಗ್ಗಿಸಿ ಲಾಭ. 30 ಗ್ರಾಂಗಿಂತ ಕಡಿಮೆ ಇದ್ದರೆ ಕುಗ್ಗಿಸಲು ಅಲ್ಲೇನಿದೆ? ಹೀಗಿದ್ದೂ 25 ಗ್ರಾಂ ರಿಪೋರ್ಟ್ ಇಟ್ಟುಕೊಂಡು ವರ್ಷಗಟ್ಟಲೆ ಡ್ಯುಟಾಸ್ಟರೈಡ್ ನುಂಗುವವರನ್ನು ನಾನು ನೋಡುತ್ತಲೇ ಇದ್ದೇನೆ.

ಆದರೆ ದೊಡ್ಡ ಗ್ರಂಥಿ ಇದ್ದವರಿಗೆ ಇದು ಕೊಡುವ ಲಾಭವನ್ನು ಆಲ್ಫಾ ಬ್ಲಾಕರ್ ಕೊಡುವುದಿಲ್ಲ. ಮುಂದೊಂದು ದಿನ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಆಪರೇಷನ್ ಬೇಕಾಗುವುದು, ಈ ಎರಡರ ಸಾಧ್ಯತೆಯನ್ನೂ ಇದು ಇಳಿಸುತ್ತದೆ. 3,040 ಗಂಡಸರ ಮೇಲೆ ನಾಲ್ಕು ವರ್ಷ ನಡೆದು 1998ರಲ್ಲಿ ಪ್ರಕಟವಾದ ಫಿನಾಸ್ಟರೈಡ್ ಅಧ್ಯಯನದಲ್ಲಿ ಎರಡೂ ಅರ್ಧಕ್ಕಿಂತ ಜಾಸ್ತಿ ಇಳಿದವು.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಕೆಲವರಿಗೆ ಆಸೆ ಕಡಿಮೆಯಾಗುತ್ತದೆ, ನಿಮಿರುವಿಕೆ ಕುಗ್ಗುತ್ತದೆ, ಎದೆ ಊದಿ ನೋಯುತ್ತದೆ. ಆಲ್ಫಾ ಬ್ಲಾಕರ್‌ನಲ್ಲಿ ಆಗುವುದು ವೀರ್ಯದ ತೊಂದರೆ, ಇಲ್ಲಿ ಆಗುವುದು ಆಸೆಯ ತೊಂದರೆ. 70 ದಾಟಿದ ಒಬ್ಬರಿಗೆ ಇದು ಲೆಕ್ಕಕ್ಕಿಲ್ಲದಿರಬಹುದು, 52ರ ಒಬ್ಬರಿಗೆ ಸಂಸಾರದ ಪ್ರಶ್ನೆ. ಹಾಗಂತ 70ರವರಿಗೆ ಆಸೆ ಬೇಡ ಅಂತ ನೀವೇ ತೀರ್ಮಾನಿಸಬೇಡಿ, ಅವರನ್ನೇ ಕೇಳಿ.

ಪಿಎಸ್‌ಎ ವಿಷಯವನ್ನು ಮರೆಯಲೇಬೇಡಿ. ಈ ಮಾತ್ರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ. ಲ್ಯಾಬ್ ರಿಪೋರ್ಟ್ 2.5 ಅಂದರೆ ಅದನ್ನು 5 ಅಂತ ಓದಬೇಕು. ಲ್ಯಾಬಿನವರಿಗೆ ನೀವು ಏನು ತಗೋತೀರಿ ಗೊತ್ತಿರುವುದಿಲ್ಲ, "ನಾರ್ಮಲ್" ಅಂತ ಬಂದುಬಿಡುತ್ತದೆ. ಮಾತ್ರೆ ಶುರು ಮಾಡುವ ಮುಂಚೆಯೇ ಒಮ್ಮೆ ಪಿಎಸ್‌ಎ ಮಾಡಿಸಿಟ್ಟುಕೊಳ್ಳಿ. ಇಳಿದ ಮೇಲೆ ಮತ್ತೆ ಏರತೊಡಗಿದರೆ, ಅಂಕಿ ಎಷ್ಟೇ ಸಣ್ಣದಿರಲಿ, ಡಾಕ್ಟರಿಗೆ ತೋರಿಸಿ. ಕೂದಲು ಉದುರುವುದಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ತಗೊಳ್ಳುವವರಿಗೂ ಇದು ಅನ್ವಯಿಸುತ್ತದೆ.

ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಒಡೆದ ಮಾತ್ರೆ, ಸೋರಿದ ಕ್ಯಾಪ್ಸೂಲನ್ನು ಅವರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ಡ್ಯುಟಾಸ್ಟರೈಡ್ ಬಿಟ್ಟ ಮೇಲೂ ಆರು ತಿಂಗಳು ರಕ್ತದಾನ ಮಾಡುವಂತಿಲ್ಲ.

ಎರಡೂ ಒಟ್ಟಿಗೆ

ಸ್ಟ್ರಿಪ್ಪಿನ ಹೆಸರಿನ ಕೊನೆ ನೋಡಿ. ಯೂರಿಮ್ಯಾಕ್ಸ್ ಅಂದರೆ ಬರೀ ಟ್ಯಾಮ್ಸುಲೋಸಿನ್. ಅದಕ್ಕೆ "ಡಿ" ಸೇರಿದರೆ ಡ್ಯುಟಾಸ್ಟರೈಡ್ ಕೂಡ ಇದೆ, "ಎಫ್" ಸೇರಿದರೆ ಫಿನಾಸ್ಟರೈಡ್ ಇದೆ. ಸೈಲೋಡಾಲ್, ಸೈಲೋಡಾಲ್ ಡಿ ಕೂಡ ಹಾಗೆಯೇ. ಒಂದು ಅಕ್ಷರದ ಹಿಂದೆ ಇಡೀ ಇನ್ನೊಂದು ಔಷಧ ಕೂತಿರುತ್ತದೆ. "ನನ್ನದು ಬರೀ ಮೂತ್ರದ ಮಾತ್ರೆ" ಅನ್ನುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿಲ್ಲದಿದ್ದರೆ ಪಿಎಸ್‌ಎ ಲೆಕ್ಕ ತಪ್ಪುತ್ತದೆ.

ಜೋಡಿ ಮಾತ್ರೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. 2003ರಲ್ಲಿ ಅಮೆರಿಕದಿಂದ ಬಂದ ಎಂಟಾಪ್ಸ್ ಅಧ್ಯಯನದಲ್ಲಿ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ನೋಡಿದರು. ಕಾಯಿಲೆ ಮುಂದುವರಿಯುವ ಅಪಾಯ ಡಾಕ್ಸಜೋಸಿನ್ ಅನ್ನುವ ಆಲ್ಫಾ ಬ್ಲಾಕರ್‌ನಿಂದ ಶೇ 39, ಫಿನಾಸ್ಟರೈಡ್‌ನಿಂದ ಶೇ 34, ಎರಡೂ ಸೇರಿದಾಗ ಶೇ 66 ಇಳಿಯಿತು. ಆದರೆ ಅಡ್ಡಪರಿಣಾಮಗಳೂ ಜೋಡಿಯಾಗೇ ಬರುತ್ತವೆ, ಖರ್ಚೂ ಅಷ್ಟೆ. ನನ್ನ ಅಭಿಪ್ರಾಯ ಕೇಳಿದರೆ, ಗ್ರಂಥಿ 40 ಗ್ರಾಂ ದಾಟಿ, ತೊಂದರೆಯೂ ಮಧ್ಯಮ ಅಥವಾ ಅದಕ್ಕಿಂತ ಮೇಲಿದ್ದರೆ ಜೋಡಿಗೆ ಅರ್ಥವಿದೆ. ಗಾತ್ರ ನೋಡದೆ ಮೊದಲ ದಿನವೇ "ಡಿ" ಬರೆದಿದ್ದರೆ, "ಡಾಕ್ಟ್ರೇ, ನನ್ನ ಗ್ರಂಥಿ ಎಷ್ಟಿದೆ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಜೋಡಿ ಅಂದರೆ ಕಡೆತನಕ ಜೋಡಿಯೇ ಅಂತಲೂ ಅಲ್ಲ. ಆರು ತಿಂಗಳ ನಂತರ ಟ್ಯಾಮ್ಸುಲೋಸಿನ್ ನಿಲ್ಲಿಸಿ, ಬರೀ ಡ್ಯುಟಾಸ್ಟರೈಡ್ ಮುಂದುವರಿಸಿ ನೋಡಿದ ಒಂದು ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರಿಗೆ ತೊಂದರೆ ಹೆಚ್ಚಾಗಲಿಲ್ಲ. ತಲೆಸುತ್ತು ಕಾಡುವವರು ಇದನ್ನು ಡಾಕ್ಟರ ಬಳಿ ಪ್ರಸ್ತಾಪಿಸಬಹುದು. ನೀವೇ ನಿಲ್ಲಿಸಬೇಡಿ.

ಟಡಾಲಫಿಲ್

ನಿಮಿರುವಿಕೆಯ ತೊಂದರೆಗೆ ಬಂದ ಔಷಧ. ದಿನಾ 5 ಮಿಲಿಗ್ರಾಂ ತಗೊಂಡರೆ ಮೂತ್ರದ ತೊಂದರೆಯೂ ತಗ್ಗುತ್ತದೆ ಅಂತ ಗೊತ್ತಾಗಿ 2011ರಲ್ಲಿ ಅಮೆರಿಕದಲ್ಲಿ ಇದಕ್ಕೂ ಒಪ್ಪಿಗೆ ಸಿಕ್ಕಿತು. ಎರಡೂ ತೊಂದರೆ ಇರುವ 50–60ರ ಗಂಡಸಿಗೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ. ಗ್ರಂಥಿ ಕುಗ್ಗುವುದಿಲ್ಲ. ತಲೆನೋವು, ಬೆನ್ನುನೋವು, ಎದೆಯುರಿ ಬರಬಹುದು. ಸಾರ್ಬಿಟ್ರೇಟ್ ಅಥವಾ ಬೇರೆ ಯಾವುದೇ ನೈಟ್ರೇಟ್ ತಗೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿಪಿ ಒಮ್ಮೆಲೇ ಕುಸಿದು ಜೀವಕ್ಕೆ ಅಪಾಯ. ನಾಚಿಕೆಯಿಂದ ಈ ಮಾತ್ರೆಯ ವಿಷಯವನ್ನು ಹೃದಯದ ಡಾಕ್ಟರಿಂದ ಮುಚ್ಚಿಡಬೇಡಿ.

ಚೀಲವನ್ನು ಸಮಾಧಾನ ಮಾಡುವ ಮಾತ್ರೆಗಳು

"ತಡೆಯೋಕೇ ಆಗಲ್ಲ" ಗುಂಪಿನವರಿಗೆ ಇವು. ಆಲ್ಫಾ ಬ್ಲಾಕರ್ ತಗೊಂಡೂ ಅವಸರ ಹೋಗದಿದ್ದರೆ ಜೊತೆಗೆ ಸೇರಿಸುತ್ತಾರೆ. ಸೋಲಿಫೆನಾಸಿನ್, ಟೋಲ್ಟೆರೋಡಿನ್ ಒಂದು ಬಗೆ. ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ, ವಯಸ್ಸಾದವರಿಗೆ ಮರೆವು, ಗೊಂದಲ ಹೆಚ್ಚಬಹುದು. ಮೊದಲೇ ಮರೆವು ಇರುವ ಅಪ್ಪನಿಗೆ ಇದನ್ನು ಬರೆದರೆ ಮಕ್ಕಳು ಬಾಯಿಬಿಟ್ಟು ಕೇಳಬೇಕು. ಮಿರಾಬೆಗ್ರಾನ್ ಇನ್ನೊಂದು ಬಗೆ. ಬಾಯಿ ಒಣಗುವುದು ಕಡಿಮೆ, ಮರೆವಿನ ಭಯವೂ ಕಡಿಮೆ. ಆದರೆ ಬಿಪಿ ಏರಿಸಬಹುದು, ಜೇಬಿಗೂ ಭಾರ. ಬಿಪಿ ಹತೋಟಿಗೆ ಬಾರದವರಿಗೆ ಬೇಡ.

ಪಿವಿಆರ್ ಕೇಳಿದ್ದು ಇದಕ್ಕೇ. ಚೀಲದಲ್ಲಿ 150 ಮಿಲಿಲೀಟರ್‌ಗಿಂತ ಹೆಚ್ಚು ಉಳಿಯುತ್ತಿದ್ದರೆ, ಹಿಂಡುವ ಶಕ್ತಿಯನ್ನು ಇನ್ನಷ್ಟು ತಗ್ಗಿಸುವ ಮಾತ್ರೆ ಕೊಡಲು ಡಾಕ್ಟರು ಹಿಂಜರಿಯುತ್ತಾರೆ.

ಸಸ್ಯದ ಔಷಧ

ಸಾ ಪಾಮೆಟ್ಟೋ ಕ್ಯಾಪ್ಸೂಲ್‌ಗಳನ್ನು ಅಮೆರಿಕದಿಂದ ಮಕ್ಕಳು ತಂದುಕೊಡುತ್ತಾರೆ. ಅಲ್ಲೇ 2006ರಲ್ಲಿ 225 ಗಂಡಸರ ಮೇಲೆ ಒಂದು ವರ್ಷ, ಆಮೇಲೆ 2011ರಲ್ಲಿ ಮೂರು ಪಟ್ಟು ಡೋಸ್‌ವರೆಗೆ ಏರಿಸಿ ನೋಡಿದರು. ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಆ ದುಡ್ಡಿಗೆ ಅವರು ಬಾದಾಮಿ ತಂದರೆ ಮೇಲು. ನೆಗ್ಗಿಲು ಮುಳ್ಳಿನ ಕಷಾಯ ಕುಡಿಯುವವರೂ ಬಹಳ. ಕುಡಿಯಿರಿ, ಆದರೆ ಅದನ್ನು ನಂಬಿ ಸ್ಕ್ಯಾನಿಂಗ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಬಿಡಬೇಡಿ. ಮೂತ್ರ ಹಿಂದಕ್ಕೆ ಕಟ್ಟಿಕೊಂಡು ಕಿಡ್ನಿ ಕೆಡುವುದು ನೋವಿಲ್ಲದೆ ನಡೆಯುತ್ತದೆ.

ಇನ್ನು ದುಡ್ಡು

ಇದು ಹತ್ತು ದಿನದ ಕೋರ್ಸ್ ಅಲ್ಲ, ವರ್ಷಗಟ್ಟಲೆಯ ಲೆಕ್ಕ. ದಿನಕ್ಕೆ 10 ರೂಪಾಯಿ ವ್ಯತ್ಯಾಸ ಅಂದರೆ ವರ್ಷಕ್ಕೆ 3,650. ಸಾಮಾನ್ಯವಾಗಿ ಬರೀ ಟ್ಯಾಮ್ಸುಲೋಸಿನ್ ಅಗ್ಗ, ಜೋಡಿ ಮಾತ್ರೆ ಅದಕ್ಕಿಂತ ಜಾಸ್ತಿ, ಅದರ ಮೇಲೆ ಮಿರಾಬೆಗ್ರಾನ್ ಸೇರಿದರೆ ಪಿಂಚಣಿಯಲ್ಲಿ ಬದುಕುವವರಿಗೆ ನಿಜಕ್ಕೂ ಹೊರೆ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ನನ್ನ ವ್ಯಾಪಾರಕ್ಕೆ ಕಲ್ಲು ಬಿದ್ದರೂ ಹೇಳುತ್ತೇನೆ. ಮಿಲಿಗ್ರಾಂ, ಔಷಧದ ಹೆಸರು ಎರಡೂ ಹೊಂದಿದರೆ ಸಾಕು. ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುವುದಕ್ಕಿಂತ ಅಗ್ಗದ್ದನ್ನು ದಿನಾ ನುಂಗುವುದು ಸರಿ.

ಹಾಗಾದರೆ ನನ್ನ ಕೌಂಟರಿಗೆ ಬಂದ ಆ ಮೂವರು? ಭಾವನಿಗೆ ವಯಸ್ಸು 68, ಬಿಪಿ ಇಳಿಯುವ ಸ್ವಭಾವ, ಕಿಡ್ನಿ ಚೆನ್ನಾಗಿದೆ, ವೀರ್ಯದ ಚಿಂತೆ ಇಲ್ಲ. ಸೈಲೋಡೋಸಿನ್ ಹೊಂದುತ್ತದೆ. ವಾಕಿಂಗ್ ಗೆಳೆಯರಿಗೆ 56, ಹೃದಯದ ತೊಂದರೆ ಇಲ್ಲ, ಹೇಳಿಕೊಳ್ಳದ ಇನ್ನೊಂದು ತೊಂದರೆ ಇದೆ. ಟಡಾಲಫಿಲ್ ಸರಿ. ಚೀಟಿ ತಳ್ಳಿದವರ ಗ್ರಂಥಿ 55 ಗ್ರಾಂ, ಅಂಕ 18. ಅವರಿಗೆ ಜೋಡಿಯೇ ಸರಿ. ಪಿಎಸ್‌ಎ ಮಾಡಿಸಿರಲಿಲ್ಲ. ಮಾಡಿಸಿಕೊಂಡು ಶುರು ಮಾಡಿ ಅಂದೆ.

ಮೂತ್ರದಲ್ಲಿ ರಕ್ತ, ಚಳಿಜ್ವರ, ಕ್ರಿಯಾಟಿನಿನ್ ಏರಿಕೆ, ಚೀಲದಲ್ಲಿ ಕಲ್ಲು, ಪದೇ ಪದೇ ಮೂತ್ರ ಕಟ್ಟುವುದು, ಇವು ಇದ್ದರೆ ಯಾವ ಮಾತ್ರೆ ಅನ್ನುವ ಮಾತೇ ಬೇಡ. ಯೂರಾಲಜಿಸ್ಟ್ ಹತ್ತಿರ ಹೋಗಿ. ಮೂತ್ರ ಒಂದು ಹನಿಯೂ ಬಾರದೆ ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ರಾತ್ರಿ ಏಳುವವರಿಗೆ

ಹಗಲು ಪರವಾಗಿಲ್ಲ, ರಾತ್ರಿ ಮಾತ್ರ ನಾಲ್ಕು ಸಲ ಏಳುತ್ತೇನೆ ಅನ್ನುವವರಿಗೆ ಮೇಲಿನ ಮಾತ್ರೆಗಳಿಂದ ಹೆಚ್ಚು ನಿರೀಕ್ಷೆ ಬೇಡ. ಇವು ರಾತ್ರಿಯ ಏಳುವಿಕೆಯನ್ನು ಸ್ವಲ್ಪ ಮಾತ್ರ ತಗ್ಗಿಸುತ್ತವೆ. ಒಂದು ಅಳತೆಯ ಜಗ್ ತಗೊಂಡು ಮೂರು ದಿನ ಪ್ರತಿ ಸಲದ ಮೂತ್ರ ಅಳೆದು, ಗಂಟೆಯ ಜೊತೆ ಬರೆದಿಡಿ. ರಾತ್ರಿಯದ್ದು, ಬೆಳಿಗ್ಗೆ ಎದ್ದಾಗಿನ ಮೊದಲನೆಯದೂ ಸೇರಿ, ದಿನದ ಒಟ್ಟಿನಲ್ಲಿ ಮೂರನೇ ಒಂದು ಭಾಗ ದಾಟಿದರೆ ತಪ್ಪು ಪ್ರೊಸ್ಟೇಟಿನದ್ದು ಮಾತ್ರವಲ್ಲ. ಹಗಲು ಕಾಲಿನಲ್ಲಿ ಇಳಿದ ನೀರು ಮಲಗಿದಾಗ ಮೇಲೇರಿ ಮೂತ್ರವಾಗುತ್ತಿರಬಹುದು, ಹೃದಯದ್ದೋ ಗೊರಕೆಯದ್ದೋ ಕಾಯಿಲೆ ಇರಬಹುದು, ಸಕ್ಕರೆ ಏರಿರಬಹುದು. ಸಕ್ಕರೆಗೆ ಕೊಡುವ ಡಪಾಗ್ಲಿಫ್ಲೋಜಿನ್ ಮೂತ್ರವನ್ನು ಹೆಚ್ಚಿಸುತ್ತದೆ, ಅದು ಅದರ ಕೆಲಸದ ರೀತಿಯೇ. ಬಿಪಿಯ ನೀರಿನ ಮಾತ್ರೆಯನ್ನು ರಾತ್ರಿ ಊಟಕ್ಕೆ ತಗೊಳ್ಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ.